ಐದಕ್ಕೆ ಬರ್ತಾನಂತೆ

ಅಲಬಾಮಾದ ಸೆಲ್ಮಾ ಊರಿನ ಅರ್ಲೀನ್ ಪೆಟ್‌ವೇ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವಳಲ್ಲ. ಚರ್ಚಿನ ಬಾಗಿಲಲ್ಲಿ, ತಾಯಿಯ ಜೊತೆ ಹಾಡುವ ಹ್ಯಾಟಿ, "ಬುಧವಾರ ಹಾಡಿನ ಪ್ರಾಕ್ಟೀಸ್ ಇದೆ ಅಂತ ನಿಮ್ಮಮ್ಮಂಗೆ ಹೇಳ್ಬಿಡೆ" ಎಂದರೂ, "ನೀನೇ ಹೇಳ್ಕೋ. ಅದು ಯಾವ ಹಾಡೋ, ನನಗೇನು ಗೊತ್ತು?" ಎಂದು ಮುಖ ತಿರುಗಿಸುತ್ತಾಳೆ.

ಹಿಂದೊಮ್ಮೆ ಮುಟ್ಟಿಸಿದ್ದಳು. ಆಗ ಜೊತೆಗೆ ಬಾಳುತ್ತಿದ್ದ ಡೆಲ್ರಾಯ್ ಸ್ನಾನಕ್ಕೆ ಹೋಗಿದ್ದಾಗ ಫೋನ್ ಎತ್ತಿ, ಆಮೇಲೆ ಅವನಿಗೆ, "ನಿನ್ನ ಗೆಳೆಯ ಐದಕ್ಕೆ ಬರ್ತಾನಂತೆ" ಎಂದಿದ್ದಳು, ಅಷ್ಟೇ. ಬಂದವನು ತಂದದ್ದು ಕೊಕೇನ್. ಪೊಲೀಸರು ಆ ಫೋನಿಗೆ ಕಿವಿಗೊಟ್ಟು ಕೂತಿದ್ದರು. ಸಂಚಿನಲ್ಲಿ ಇವಳದೂ ಪಾಲು ಎಂದಾಯಿತು. ಡೆಲ್ರಾಯ್ ಪೊಲೀಸರಿಗೆ ಊರಿನವರ ಹೆಸರೆಲ್ಲ ಒದರಿ ನಾಲ್ಕು ವರ್ಷಕ್ಕೆ ಪಾರಾದ. ಇವಳಿಗೆ ಯಾರಾದರೂ ಗೊತ್ತಿದ್ದರಲ್ಲವೇ ಹೇಳಲು? "ಇದಕ್ಕಿಂತ ಕಡಿಮೆ ಕೊಡೋಕೆ ಕಾನೂನು ಬಿಡಲ್ಲಮ್ಮ" ಎಂದು ಜಡ್ಜ್ ಹತ್ತು ವರ್ಷ ಬರೆದ. ಮಗಳು ಟಮೀಕಾಗೆ ಆಗ ನಾಲ್ಕು.

ಶಿಕ್ಷೆ ಮುಗಿಸಿ ತಾಯಿಯ ಮನೆ ಸೇರಿದವಳಿಗೆ ಮೊನ್ನೆ ಮಗಳ ಫೋನ್ ಬಂತು. "ಅಮ್ಮಾ, ಬಸ್ ತಪ್ಪಿಹೋಯ್ತು. ಐದಕ್ಕೆ ಸ್ಕೂಲ್ ಹತ್ರ ಕಾರ್ ತರೋಕೆ ಅಜ್ಜಿಗೆ ಹೇಳು."

ಅದೇ ಐದು ಗಂಟೆ.

"ಯಾರದೇ ಫೋನು?" ಅಡುಗೆಮನೆಯಿಂದ ತಾಯಿ ಕೇಳಿದಳು.

"ರಾಂಗ್ ನಂಬರ್" ಎಂದ ಅರ್ಲೀನ್, ಚಪ್ಪಲಿ ಮೆಟ್ಟಿ ಮೂರು ಮೈಲಿ ನಡೆದೇ ಹೋದಳು.

ಬೆವರಿಳಿಸುತ್ತ ಬಂದ ತಾಯಿಯನ್ನು ಕಂಡು ಹದಿನೈದರ ಹುಡುಗಿ ಸಿಡುಕಿದಳು. "ಅಜ್ಜಿಗೆ ಹೇಳು ಅಂದಿದ್ನಲ್ಲಮ್ಮ."

ಅರ್ಲೀನ್ ಹಿಂದೆ ತಿರುಗಿ ನೋಡಿದಳು.

"ಮೆಲ್ಲಗೆ ಮಾತಾಡೇ," ಎಂದಳು.