ಪುಟ್ಟ ಕಂಪ್ಯೂಟರಿಗೊಂದು ಹೂಬಳ್ಳಿಯ ಕವರು

ಆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಟೈಪಿಂಗಿನಲ್ಲಿ ಅವಳಿಗೆ ಸಾಟಿ ಇರಲಿಲ್ಲ; ಹೊಟ್ಟೆಕಿಚ್ಚಿನಲ್ಲೂ ಇರಲಿಲ್ಲ, ಅದನ್ನು ಮುಚ್ಚಿಟ್ಟು ಅವಳ ಕಥೆ ಹೇಳಲಾಗದು. ಸೇರಿದಾಗಿನಿಂದಲೂ ಮಾಲೀಕರ ಬಾಯಿಂದ 'ಚೆನ್ನಾಗಿದೆ' ಎಂಬ ಒಂದು ಮಾತು ಉದುರಲೆಂದು ಕಾದಿದ್ದಳು. ಅವರೋ, ತಪ್ಪು ಸಿಕ್ಕರೆ ಬೀದಿಗೆಲ್ಲ ಕೇಳುವಂತೆ ಕೂಗುವವರು. ಸರಿಯಿದ್ದರೆ ಪುಟ ಮಗುಚಿ ಮುಂದೆ ಹೋಗುವವರು.

ಹೀಗಿರುವಾಗ ಟಿಫಿನ್ ಬಾಕ್ಸಿನಷ್ಟೇ ಇರುವ ಹೊಸ ಕಂಪ್ಯೂಟರೊಂದು ಬಂತು. ಕಿಟಕಿ ಪಕ್ಕದ ಮೇಜಿನ ಮೇಲೆ ಅದನ್ನು ಕೂರಿಸಿದ ರಿಪೇರಿಯವನು, "ಇದು ಚಿಕ್ಕದು, ಬೇಗ ಬಿಸಿಯಾಗುತ್ತೆ. ಸುತ್ತ ಗಾಳಿ ಆಡ್ಬೇಕು. ಮೇಲೆ ಏನೂ ಮುಚ್ಚಬೇಡಿ, ತೂತುಗಳಲ್ಲಿ ಧೂಳು ಕೂರೋಕೆ ಬಿಡಬೇಡಿ" ಎಂದ. ಅಕ್ಕ ತಲೆಯಾಡಿಸಿದಳು. ಮನಸ್ಸಿನಲ್ಲಿ ಆಗಲೇ ಆ ಮೇಜಿನ ಮುಂದಿನ ಕುರ್ಚಿಯ ಮೇಲೆ ಕೂತೂ ಆಗಿತ್ತು.

"ನಾಳೆ ಹೊಸ ಹುಡುಗಿ ಬರ್ತಾಳೆ. ಪುಸ್ತಕದ ಮುಖಪುಟ ಎಲ್ಲ ಇನ್ಮೇಲೆ ಅವಳದೇ, ಇದೂ ಅವಳಿಗೇ" ಎಂದರು ಮಾಲೀಕರು. "ಇವನು ಹೇಳಿದ್ದನ್ನೆಲ್ಲ ಅವಳಿಗೆ ನೀವೇ ಹೇಳ್ಬಿಡಿ."

ಅಕ್ಕ ಹೇಳಲಿಲ್ಲ.

ಹುಡುಗಿ ಬಂದಳು. ಅಕ್ಕಾ ಅಕ್ಕಾ ಎಂದು ಬಾಯಿ ತುಂಬ ಕರೆದಳು. ವಾರ ತುಂಬುವ ಮೊದಲೇ ಅವಳ ಮುಖಪುಟ ನೋಡಿ ಮಾಲೀಕರು "ಭೇಷ್" ಎಂದುಬಿಟ್ಟರು. ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಇಷ್ಟು ವರ್ಷ ಬೆನ್ನು ಬಗ್ಗಿಸಿ ದುಡಿದವಳಿಗಿಲ್ಲದ ಭೇಷು ನಿನ್ನೆ ಮೊನ್ನೆ ಬಂದವಳಿಗೆ! ಆ ಹುಡುಗಿಯ ಜಡೆ ಕಂಡರೂ ಉರಿ, ನಗು ಕೇಳಿದರೂ ಉರಿ. ಮನೆಯಲ್ಲಿ ಗಂಡ ನೀರು ಕೇಳಿದ್ದಕ್ಕೂ ಸಿಡುಕಿದಳು.

ಹೊಲಿಗೆಯಲ್ಲಿ ಅಕ್ಕನದು ಎತ್ತಿದ ಕೈ. ಮನೆಯಲ್ಲಿ ಮಿಕ್ಸಿಗೊಂದು ಕವರು, ಟೀವಿಗೊಂದು ಕವರು; "ಸುಮ್ಮನೆ ಕೂತ್ರೆ ನನಗೂ ಒಂದು ಹೊಲೀತಾಳೆ" ಎಂದು ಗಂಡ ರೇಗಿಸುವುದಿತ್ತು. ಆ ಭಾನುವಾರ ದಪ್ಪ ಬಟ್ಟೆಗೆ ಹತ್ತಿಯ ಪದರ ಕೊಟ್ಟು, ಮೇಲೆ ನೀಲಿ ಹೂಬಳ್ಳಿ ಬಿಡಿಸಿ, ವೈರು ಹೊರಬರಲಷ್ಟೇ ಜಾಗ ಬಿಟ್ಟು, ಆ ಪುಟ್ಟ ಪೆಟ್ಟಿಗೆಗೊಂದು ಕವರು ಹೊಲಿದಳು. ಹೇಗೆ ಹೊಲಿದರೂ ಅವಳ ಕೆಲಸ ಆಗುತ್ತಿತ್ತು. ಆದರೆ ಕೆಟ್ಟದಾಗಿ ಹೊಲಿಯುವುದು ಆ ಕೈಗೆ ಗೊತ್ತಿರಲಿಲ್ಲ.

"ನನಗೇ ಅಂತ ಹೊಲಿದ್ರಾ ಅಕ್ಕಾ?" ಹುಡುಗಿಯ ಮುಖ ಅರಳಿತು.

"ಧೂಳು ಕೂರಬಾರದು ನೋಡು. ಬಿಚ್ಚಲೇಬೇಡ" ಎಂದಳು ಅಕ್ಕ, ಬೆಲ್ಲದಂಥ ದನಿಯಲ್ಲಿ.

ಕಂಪ್ಯೂಟರು ಆಮೆಯಾಯಿತು. ಒಳಗಿನ ಫ್ಯಾನು ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ, ಅವಸರದ ಮುಖಪುಟವೊಂದು ಅರ್ಧವಾಗಿರುವಾಗಲೇ ಎಲ್ಲ ಆರಿಹೋಯಿತು. ಅಕ್ಕ ಕತ್ತು ಬಗ್ಗಿಸಿ ಟೈಪು ಮಾಡುತ್ತಿದ್ದಳು. ಒಳಗೊಳಗೇ ಹಾಲು ಕುಡಿದಷ್ಟು ಖುಷಿ.

ಮಾಲೀಕರು ದಡಬಡನೆ ಬಂದು ಕವರಿನೊಳಗೆ ಕೈ ತೂರಿಸಿ, ಅಷ್ಟೇ ಬೇಗ ಹಿಂದೆಳೆದುಕೊಂಡರು. "ಕಾದ ಹೆಂಚಾಗಿದೆ! ಇದಕ್ಕೆ ಕಂಬಳಿ ಹೊದಿಸಿದ ಪುಣ್ಯಾತ್ಮರು ಯಾರು?"

ಹುಡುಗಿ ಅಕ್ಕನತ್ತ ಒಮ್ಮೆ ನೋಡಿದಳು. ಪಾಪ, ಅಕ್ಕನಿಗೂ ಗೊತ್ತಿರಲಿಲ್ಲ ಎಂದುಕೊಂಡಿರಬೇಕು. "ನಾನೇ ಸಾರ್, ನಾನೇ ಹೊಲಿದು ಹಾಕ್ದೆ. ತಪ್ಪಾಯ್ತು."

ಅಕ್ಕ ಬಚಾವಾಗಿದ್ದಳು. ತುಟಿ ಪಿಟಕ್ಕೆನ್ನದೆ ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಮಾಲೀಕರು ಕವರನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೋಪ ಇಳಿಯಿತು.

"ಬುದ್ಧಿ ಇಲ್ಲದಿದ್ರೂ ಕೈಯಲ್ಲಿ ಕಲೆ ಇದೆ ಕಣಮ್ಮಾ. ಎಷ್ಟು ಚೆನ್ನಾಗಿದೆ!"

ಚೆನ್ನಾಗಿದೆ! ಆ ಒಂದು ಮಾತೂ ಅವಳ ಪಾಲಿಗೇ ಹೋಯಿತೆ? ಅಕ್ಕನಿಗೆ ತಾನು ಎದ್ದು ನಿಂತದ್ದೇ ಗೊತ್ತಾಗಲಿಲ್ಲ.

"ಅದು ನಾನು ಹೊಲಿದದ್ದು! ಒಂದೊಂದು ಹೂವೂ ನನ್ನ ಕೈಯದು!"

ಮೆಷಿನ್ನಿನ ಬಳಿ ಕಾಗದ ಜೋಡಿಸುತ್ತಿದ್ದವರೂ ತಿರುಗಿ ನೋಡಿದರು. ಮಾಲೀಕರು ನಿಧಾನವಾಗಿ ಕೇಳಿದರು: "ಮುಚ್ಚಬೇಡಿ ಅಂತ ರಿಪೇರಿಯವನು ಹೇಳಿದ್ದು ನಿಮ್ಮ ಹತ್ರಾನೇ ಅಲ್ವಾ?"

ಮಾಲೀಕರು ಕವರನ್ನು ಅವಳ ಮೇಜಿನ ಮೇಲಿಟ್ಟು ಒಳಗೆ ಹೋದರು. ಈ ಸಲ ಕೂಗಾಡಲೂ ಇಲ್ಲ.

ಹುಡುಗಿ ಬ್ರಷ್ಷಿನಿಂದ ತೂತುಗಳ ಧೂಳು ತೆಗೆದಳು. ಪೆಟ್ಟಿಗೆಯ ಮೂಲೆಗಳ ಕೆಳಗೆ ಬಾಟಲಿ ಮುಚ್ಚಳಗಳನ್ನು ಕೊಟ್ಟು ಎತ್ತರಿಸಿದಳು, ಕಿಟಕಿ ತೆರೆದಳು. ಆಮೇಲೆ ಅಕ್ಕನತ್ತ ತಿರುಗಿ, ಮೆಲ್ಲಗೆ ಕೇಳಿದಳು:

"ಗಾಳಿ ಆಡೋಕೆ ಇಷ್ಟು ಸಾಕಾ, ಮೇಡಂ?"