ಸೈಡ್‌ಕಾರ್ ಕಳಚಿದ ಮೇಲೆ

"ವಂಡಿ ಸೋಲೋವಾ, ಸೈಡ್‌ಕಾರಾ ಸಾರ್?" ಎಂದು ಚೆನ್ನೈನ ಪುದುಪೇಟೆಯ ಬೈಕ್ ಬಿಡಿಭಾಗಗಳ ಅಂಗಡಿಯವನು ನಮ್ಮ ಗಾಡಿಯ ಬಗ್ಗೆ ಕೇಳಿದಾಗ ಅಪ್ಪ ಹಿಂದುಮುಂದು ನೋಡದೆ "ಸೈಡ್‌ಕಾರ್" ಅಂದುಬಿಟ್ಟರು. ನನಗೆ ರೇಗಿತು. ಸೈಡ್‌ಕಾರ್ ಕಳಚಿ ತಾಂಬರಂನಲ್ಲಿರುವ ಅವರ ರೈಲ್ವೆ ಗೆಳೆಯರ ಶೆಡ್ಡಿಗೆ ಸಾಗಿಸಿ ಆಗಿತ್ತು. ಅದರಲ್ಲಿ ಕೂರುತ್ತಿದ್ದ ಅಮ್ಮ ತೀರಿಕೊಂಡೂ ವರ್ಷವಾಗಿತ್ತು.

ಬೈಕು ಅಪ್ಪನಿಗಿಂತ ಹಳೆಯದು, ಬ್ರಿಟನ್ನಿನದು. ಮಂಡಿನೋವಿನ ಅಮ್ಮ ಹಿಂದಿನ ಸೀಟು ಹತ್ತಲಾರಳೆಂದು ಸೈಡ್‌ಕಾರ್ ಕಟ್ಟಿಸಿದ್ದರು. ಅಷ್ಟು ಭಾರ ಎಳೆಯಬೇಕಲ್ಲ, ಗೇರ್‌ಬಾಕ್ಸಿಗೆ ಕಡಿಮೆ ಹಲ್ಲಿನ ಸ್ಪ್ರಾಕೆಟ್, ಅಂದರೆ ಚೈನು ತಿರುಗಿಸುವ ಚಕ್ರ, ಹಾಕಿದ್ದರು. ಹಲ್ಲು ಕಡಿಮೆಯಾದರೆ ಎಳೆತ ಜಾಸ್ತಿ, ಆದರೆ ಎಂಜಿನ್ ಅರಚಿಕೊಂಡೇ ಓಡಬೇಕು. ಈಗ ಆ ಹಲ್ಲುಗಳೂ ಸವೆದುಹೋಗಿದ್ದವು. ನಾನು ಅಂಗಡಿಯವನಿಗೆ ಕಡಿಮೆ ಹಲ್ಲಿನ ಚಿಕ್ಕದು, ಸೋಲೋ ಗಾಡಿಯ ದೊಡ್ಡದು ಎರಡನ್ನೂ ಕೊಡಲು ಹೇಳಿದೆ.

ವೇಲಚೇರಿಯ ನಮ್ಮ ಫ್ಲ್ಯಾಟಿನ ಕೆಳಗೆ, ಪಾರ್ಕಿಂಗಿನಲ್ಲಿ ಎರಡನ್ನೂ ಪೇಪರಿನ ಮೇಲಿಟ್ಟೆ. ಅಪ್ಪ ಚಿಕ್ಕದನ್ನೇ ಎತ್ತಿಕೊಂಡರು.

"ಏರು ಸಿಕ್ಕಿದ್ರೆ ಎಳೀಬೇಕಲ್ಲಮ್ಮ."

"ಚೆನ್ನೈನಲ್ಲಿ ಏರು ಎಲ್ಲಿದೆ ಅಪ್ಪ? ಫ್ಲೈಓವರ್ ಬಿಟ್ರೆ ಇಡೀ ಊರು ದೋಸೆಕಲ್ಲಿನ ಥರ ಇದೆ. ಒಬ್ರೇ ಓಡಿಸೋ ಗಾಡಿಗೆ ಇದನ್ನೇ ಹಾಕಿದ್ರೆ ಎಂಜಿನ್ ಕಾದು ಹಾಳಾಗತ್ತೆ. ಆಮೇಲೆ ಓಡಿಸೋಕೆ ಗಾಡೀನೇ ಇರಲ್ಲ."

"ಚಿಕ್ಕದು ತೆಗೆದ್ರೆ ಮತ್ತೆ ಸೈಡ್‌ಕಾರ್ ಕಟ್ಟೋಕಾಗಲ್ಲ."

"ಯಾರನ್ನ ಕೂರಿಸೋಕೆ?"

ನಾನು ಹಾಗೆ ಕೇಳಲೇಬೇಕಿತ್ತು. ಅಪ್ಪ ಕೈಯಲ್ಲಿದ್ದ ಚಿಕ್ಕದನ್ನು ಪಂಚೆಯಲ್ಲಿ ಒರೆಸಿ, ಪೇಪರಿನಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ "ಸ್ಪ್ಯಾನರ್ ಕೊಡು" ಅಂದರು.

ಈ ಗಾಡಿಯಲ್ಲಿ ಸ್ಪ್ರಾಕೆಟ್ ಇರುವುದು ಕ್ಲಚ್ಚಿನ ಹಿಂದೆ. ಎಡಗಡೆಯ ಕವರು ಬಿಚ್ಚಿ, ಎಣ್ಣೆ ಸುರಿಸಿ, ಕ್ಲಚ್ ಪೂರ್ತಿ ಹೊರತೆಗೆಯಬೇಕು. ಮಧ್ಯಾಹ್ನವೆಲ್ಲ ಅದೇ ಆಯಿತು. ದೊಡ್ಡದು ಕೂತ ಮೇಲೆ ಚೈನು ಸಾಲಲಿಲ್ಲ, ಕೊಂಡಿ ಸೇರಿಸಿದೆವು. ಅಪ್ಪ ನನ್ನನ್ನು ಬೈಯಲೂ ಇಲ್ಲ. ಕೈಗೆ ಸಿಕ್ಕವರನ್ನೆಲ್ಲ ಬೈಯುತ್ತಾ ಕೆಲಸ ಮಾಡುವ ಮನುಷ್ಯ ಅವರು.

ಸಂಜೆ ಒಬ್ಬರೇ ಒಂದು ಸುತ್ತು ಹೋಗಿಬಂದರು. ಮೊದಲು ದೂರದಿಂದಲೇ ಕಿವಿ ತೂತಾಗುವಂತೆ ಕೇಳುತ್ತಿದ್ದ ಗಾಡಿ ಗೇಟಿನೊಳಗೆ ಬಂದದ್ದೇ ನನಗೆ ಗೊತ್ತಾಗಲಿಲ್ಲ.

"ಹೇಗಿದೆ ಅಪ್ಪ?"

ಎಂಜಿನ್ ಆರಿಸಿದರೂ ಅವರು ಸೀಟಿನಿಂದ ಇಳಿಯಲಿಲ್ಲ.

"ನಿಮ್ಮಮ್ಮ ದಾರೀಲೆಲ್ಲ ನನ್ನ ಕಡೆ ತಿರುಗಿ ಏನೋ ಹೇಳ್ತಾನೇ ಇರ್ತಿದ್ಲು ಕಣಮ್ಮ. ಎಂಜಿನ್ನಿನ ಆ ಗಲಾಟೇಲಿ ಒಂದೂ ಕೇಳಿಸ್ತಿರ್ಲಿಲ್ಲ. ಸುಮ್ನೆ ತಲೆ ಆಡಿಸ್ತಿದ್ದೆ. ಇವತ್ತು ನೋಡು, ಪಕ್ಕದಲ್ಲಿ ಹೋಗ್ತಿದ್ದ ಆಟೋದವನು ಫೋನಲ್ಲಿ ಮಾತಾಡಿದ್ದು ಪೂರ್ತಿ ಕೇಳಿಸ್ತು."