ಒಕ್ಕಲಾಗಿ ವರ್ಷದ ಮೇಲೆ

ಮನೆ ಒಕ್ಕಲಿನ ದಿನ ಯಾರೂ ಸತ್ಯ ಹೇಳುವುದಿಲ್ಲ. ಗೃಹಪ್ರವೇಶದ ಪಾಯಸ ಉಂಡ ಬಾಯಿ "ಲಾಯ್ಕಾಯಿತ್ತ್" ಎನ್ನದೆ ಇನ್ನೇನು ಹೇಳೀತು? ಮೂವತ್ತು ವರ್ಷ ಮರಗೆಲಸ ಮಾಡಿದ ನಾನೂ ಆ ಮಾತು ನಂಬಿ ಉಬ್ಬುತ್ತಿದ್ದೆ. ವಿನಯಾ ಮಾತ್ರ ನಂಬಲಿಲ್ಲ.

ಬೈಂದೂರಿನ ಈ ಹುಡುಗಿ ಉಡುಪಿಯಲ್ಲಿ ಒಂದು ವರ್ಷ ಒಳಾಂಗಣ ವಿನ್ಯಾಸ ಕಲಿತು ಬಂದು ಊರಲ್ಲೇ ಸಣ್ಣ ಅಂಗಡಿ ಹಾಕಿದಳು. ಹಿತ್ತಲ ಗಿಡ ಮದ್ದಲ್ಲವಲ್ಲ, ಜನ ಮಂಗಳೂರಿನವರನ್ನೇ ಕರೆಸಿದರು. ಕೆಲಸವಿಲ್ಲದೆ ಕುಳಿತವಳು ಒಂದು ದಿನ ನನ್ನ ಶೆಡ್ಡಿಗೆ ಬಂದಳು.

"ಹ್ವಾಯ್ ಚಂದ್ರಣ್ಣ, ನೀವ್ ಕೆಲ್ಸ ಮಾಡಿದ್ ಮನಿ ಎಲ್ಲ ತೋರ್ಸಿ. ಒಕ್ಲಾಯಿ ವರ್ಷ ಆದದ್ ಮಾತ್ರ."

"ಹಳೇ ಮನಿ ಕಂಡ್ ಎಂತ ಮಾಡ್ತೆ?"

"ಜನ ಅದ್ರೊಳ್ಗೆ ಹ್ಯಾಂಗೆ ಇರ್ತ್ರ್ ಅಂದೇಳಿ ಕಾಂಬುಕೆ."

ಹುಡುಗಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಆದರೂ ಭಾನುವಾರ ಅವಳ ಸ್ಕೂಟರ್ ಹತ್ತಿದೆ. ತನ್ನ ಕೆಲಸ ತೋರಿಸುವ ಆಸೆ ಯಾರಿಗಿಲ್ಲ?

ಮೊದಲ ಮನೆ ಕಿರಿಮಂಜೇಶ್ವರದ್ದು. ಅಡುಗೆಮನೆಯಲ್ಲಿ ನಾನು ಕೂರಿಸಿದ ಕಪಾಟುಗಳು ಇನ್ನೂ ಹೊಸದರ ಹಾಗೇ ಹೊಳೆಯುತ್ತಿದ್ದವು. ಎದೆಯುಬ್ಬಿಸಿ ನಿಂತೆ. ವಿನಯಾ ಒಲೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಹಿಂದಿನ ಬಾಗಿಲು ದಾಟಿದರೆ, ತಗಡಿನ ಮಾಡಿನ ಕೆಳಗೆ ಮನೆಯಾಕೆ ಬೇರೊಂದು ಒಲೆ ಹೂಡಿ ಮೀನು ಹುರಿಯುತ್ತಿದ್ದರು.

"ಹೊಸ ಅಡ್ಗಿಮನಿ ಗಲೀಜ್ ಮಾಡೂದ್ ಎಂತಕ್ಕೆ? ನೆಂಟ್ರ್ ಬಂದ್ರೆ ತೋರ್ಸುಕ್ ಬೇಕಲೆ!"

ನನಗೆ ಸಿಟ್ಟು ನೆತ್ತಿಗೇರಿತು. ಎರಡು ತಿಂಗಳು ಬೆವರು ಸುರಿಸಿದ್ದು ನೆಂಟರು ನೋಡಲಿ ಎಂದೇ?

ಬ್ರಹ್ಮಾವರದಲ್ಲೂ ಅದೇ ಕತೆ. ಅಮಾಸೆಬೈಲಿನಲ್ಲಂತೂ ಒಲೆಯ ಮೇಲೆ ಹಪ್ಪಳದ ಡಬ್ಬ ಇಟ್ಟಿದ್ದರು. ಹೀಗೆ ಇಪ್ಪತ್ತೆರಡು ಮನೆ ಸುತ್ತಿದೆವು. ನಾನು ಕಪಾಟು ನೋಡಿ ಗೊಣಗುತ್ತಿದ್ದರೆ ಅವಳು ಹಿತ್ತಲಲ್ಲಿ ಹೆಂಗಸರ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿರುತ್ತಿದ್ದಳು. ಈಳಿಗೆಯಂಥ ಮೆಟ್ಟುಕತ್ತಿ ಇಟ್ಟು ಮೀನು ಕೊಯ್ಯಲು ಎಷ್ಟು ಜಾಗ ಬೇಕು, ತೊಳೆದ ನೀರು ಎತ್ತ ಹರಿಯುತ್ತದೆ, ಎಲ್ಲ ಟೇಪು ಹಿಡಿದು ಅಳೆದು ಬರೆದುಕೊಂಡಳು.

ಕೊನೆಗೂ ಅವಳಿಗೆ ಮೊದಲ ಕೆಲಸ ಸಿಕ್ಕಿತು. ಗುಲ್ವಾಡಿಯ ಅಕ್ಕು, ಮೀನು ಮಾರಿಯೇ ಮನೆ ಕಟ್ಟಿಸಿದ ಹೆಂಗಸು. ವಿನಯಾ ಅಡುಗೆಮನೆಯ ಒಳಗೇ, ಹಿಂದಿನ ಬಾಗಿಲ ಪಕ್ಕ, ಕುಳಿತು ಮೀನು ಕೊಯ್ಯಲು ತಗ್ಗಾದ ಕಲ್ಲಿನ ಕಟ್ಟೆ ಮಾಡಿಸಿದಳು. ಅಲ್ಲೇ ಒಂದು ನಲ್ಲಿ, ನೀರು ಹೋಗಲು ಮೋರಿ, ಹೊಗೆ ಹೋಗಲು ದೊಡ್ಡ ಕಿಟಕಿ. ಮರಗೆಲಸ ನನ್ನದು. ಒಕ್ಕಲಿನ ದಿನ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅವಳು ನಗಲೂ ಇಲ್ಲ.

"ವರ್ಷ ಆಯ್ಲಿ ಚಂದ್ರಣ್ಣ. ಇಲ್ಲೂ ಹಿಂದೆ ತಗಡ್ ಹಾಕಿರೆ ನಾನ್ ಅಂಗ್ಡಿ ಬಾಗ್ಲ್ ಹಾಕ್ತೆ."

ಮೊನ್ನೆ ವರ್ಷ ತುಂಬಿತು. ಹೇಳದೆ ಕೇಳದೆ ಹೋದೆವು. ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದವಳು ಇಳಿಯಲೇ ಒಲ್ಲಳು. "ನೀವೇ ಹೋಯಿ ಕಂಡ್ಕಂಡ್ ಬನ್ನಿ" ಎಂದಳು. ಬೈದು ಇಳಿಸಿದೆ.

ಅಕ್ಕು ಅಡುಗೆಮನೆಯಲ್ಲೇ ಇದ್ದರು! ಕಟ್ಟೆಯ ಮೇಲೆ ಕುಳಿತು ಬಂಗುಡೆ ಕೊಯ್ಯುತ್ತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಗೋಡೆಗೆ ಎಣ್ಣೆ ಸಿಡಿದಿತ್ತು, ನಾನು ಪಾಲಿಶ್ ಕೊಟ್ಟ ಕಪಾಟಿನ ಬಾಗಿಲಿಗೆ ಅರಿಶಿನದ ಐದು ಬೆರಳು. ನಮ್ಮನ್ನು ಕಂಡವರೇ ಗಡಬಡಿಸಿ ಎದ್ದರು.

"ಅಯ್ಯೋ, ಬಪ್ಪುದ್ ಹೇಳೂಕಾಗ್ದಾ ಹೆಣ್ಣೆ? ಎಲ್ಲ ಗಲೀಜಾಯಿತ್ತ್ ಕಾಣ್!" ಎಂದು ಬಟ್ಟೆ ಎಳೆದು ಒರೆಸಲು ಹೊರಟರು.

ವಿನಯಾ ಆ ಮೀನಿನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. "ಒರ್ಸ್‌ಬ್ಯಾಡಿ ಅಕ್ಕ, ನಿಮ್ ಕಾಲಿಗ್ ಬೀಳ್ತೆ, ಒರ್ಸ್‌ಬ್ಯಾಡಿ!" ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಕಲೆ ಸಮೇತ ಫೋಟೋ ತೆಗೆದಳು. ಅಕ್ಕು ಏನೂ ತಿಳಿಯದೆ ನನ್ನ ಮುಖ ನೋಡಿದರು. ನಾನು ಪಾಲಿಶಿನ ಮೇಲಿನ ಅರಿಶಿನದ ಬೆರಳು ತೋರಿಸಿ ನಕ್ಕೆ.

ಈಗ ಆ ಫೋಟೋ ಅಂಗಡಿಯ ಗೋಡೆಯ ಮೇಲಿದೆ. "ಇದ್ಕಿಂತ ಚೊಕ್ಕದ್ ಇಲ್ಯಾ?" ಎಂದು ಬಂದ ಗಂಡಸರು ಕೇಳುತ್ತಾರೆ. ಜೊತೆಗೆ ಬಂದ ಹೆಂಗಸರು ಕೇಳುವುದಿಲ್ಲ. ಅದನ್ನು ಒಮ್ಮೆ ನೋಡಿ, ಕುರ್ಚಿ ಎಳೆದು ಕುಳಿತುಕೊಳ್ಳುತ್ತಾರೆ.